ಭಾನುವಾರದ ಇಂಗ್ಲಿಷ್ ಕ್ಲಾಸು: ಕ್ಯಾನ್, ಕುಡ್, ಮಸ್ಟ್ ಮತ್ತು ಮೀನಿನ ಬುಟ್ಟಿ

ಜೂನ್, ಮಳೆ ಹಿಡಿದ ಮೇಲೆ

ಸದಾಶಿವಗಡದ ನಮ್ಮ ಕೇರಿಯ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಹಳೇ ಚಟ. ವಾರವಿಡೀ ಕಾರವಾರ ಪೇಟೆಯ ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಓದುವವಳಿಗೆ ಅದೇ ಬಿಡುವು. ಎಂಟರಿಂದ ಹತ್ತನೇ ಕ್ಲಾಸಿನವರು ಬರುತ್ತಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಏನಿದ್ದರೂ ಪರೀಕ್ಷೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಬೇರೆ ದಿನಗಳಲ್ಲಿ ಅಪ್ಪನ ಹಿಂದೆ ಬಂದರಿಗೆ ಓಡುವ ಹುಡುಗರೂ ಈಗ ಕೈಗೆ ಸಿಗುತ್ತಾರೆ.

ಈ ಮಳೆಗಾಲಕ್ಕೆ ಮೋಡಲ್ ವರ್ಬುಗಳು, ಅಂದರೆ ಕ್ಯಾನ್, ಮಸ್ಟ್‌ನಂಥ ಸಹಾಯಕ ಕ್ರಿಯಾಪದಗಳು. ಗೈಡಿನಲ್ಲಿ ಇವಕ್ಕೊಂದು ಪಟ್ಟಿ ಇರುತ್ತದೆ: ಕ್ಯಾನ್ ಎಂದರೆ ಸಾಮರ್ಥ್ಯ, ಮೇ ಎಂದರೆ ಅನುಮತಿ, ಮಸ್ಟ್ ಎಂದರೆ ಕಡ್ಡಾಯ. ಪಟ್ಟಿ ಎಲ್ಲರಿಗೂ ಬಾಯಿಪಾಠ. ಒಂದು ವಾಕ್ಯ ಹೇಳು ಅಂದರೆ ಮಾತ್ರ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ಯಾರು ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಅಂತ ಗೊತ್ತಿಲ್ಲದೆ ಕ್ಯಾನ್ ಹಾಕಬೇಕೋ ಕುಡ್ ಹಾಕಬೇಕೋ ನನಗೂ ಹೇಳಲಾಗದು. ಅದಕ್ಕೇ ಒಂದು ಕಟ್ಟು ಹಾಕಿದೆ. ಈ ಕ್ಲಾಸಿನಲ್ಲಿ ಬರುವ ಪ್ರತಿ ವಾಕ್ಯವೂ ಒಬ್ಬರು ಇನ್ನೊಬ್ಬರಿಗೆ ನೆರವಾಗುವ ಮಾತೇ ಆಗಿರಬೇಕು. ನೆರವು ಕೇಳುವುದು, ನಾನು ಮಾಡಲಾ ಎನ್ನುವುದು, ಬೇಡ ಎನ್ನುವುದು, ಮಾಡಲೇಬೇಕು ಎನ್ನುವುದು. ನೆರವಿನ ಮಾತಿನಲ್ಲಿ ಆಡುವವರೂ ಕೇಳುವವರೂ ಎದುರುಬದುರು ಇದ್ದೇ ಇರುತ್ತಾರೆ.

ವ್ಯಾಕರಣ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು. ಹಿ, ಶಿ ಬಂದರೂ ಮೋಡಲ್‌ಗೆ ಎಸ್ ಅಂಟದು, ಅದರ ಮುಂದಿನ ಕ್ರಿಯಾಪದಕ್ಕೂ ಅಂಟದು. ನಡುವೆ ಟು ಬೇಡ. ಪ್ರಶ್ನೆಗೆ ಡು ಕರೆಯಬೇಕಿಲ್ಲ, ಮೋಡಲ್ಲನ್ನೇ ಮುಂದಕ್ಕೆ ತಂದರಾಯಿತು. ‘ಹಿ ಕ್ಯಾನ್ ಸ್ವಿಮ್ಸ್’ ಕಾಟ ಅಲ್ಲಿಗೆ ತಪ್ಪಿತು. ‘ಐ ಕ್ಯಾನ್ ಹೆಲ್ಪ್ ಟು ಯು’ ಮಾತ್ರ ಹೋಗಲೊಲ್ಲದು. ನಾವು ‘ನಿಮಗೆ’ ಸಹಾಯ ಮಾಡುವವರು, ಆ ‘ಗೆ’ ಹೋಗಿ ಟು ಆಗಿ ಕೂತಿದೆ.

ಜೂನ್ ಕೊನೆ

ಆಟಕ್ಕೆ ಮನೆಯ ಬುಟ್ಟಿಗೆ ಒಂದಿಷ್ಟು ತೆಂಗಿನಕಾಯಿ ತುಂಬಿ ನಡುವೆ ಇಟ್ಟೆ. ತುಂಬಿದ ಮೀನಿನ ಬುಟ್ಟಿಯನ್ನು ಒಬ್ಬಳೇ ನೆಲದಿಂದ ತಲೆಗೆ ಏರಿಸಿಕೊಳ್ಳುವುದು ಕಷ್ಟ, ದಾರಿಯಲ್ಲಿ ಹೋಗುವವರು ಯಾರಾದರೂ ಕೈ ಹಚ್ಚಬೇಕು. ಇದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳು ಮೀನು ಮಾರುವ ಹೆಂಗಸಾದಳು. ಅವಳ ತಾಯಿಯ ಕಸುಬೂ ಅದೇ. ಸಿಂಬೆ ಸುತ್ತಿ ತಲೆ ಮೇಲಿಟ್ಟುಕೊಂಡ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಮೊದಲು ಬಂದದ್ದು ‘ಲಿಫ್ಟ್ ದಿಸ್’. ಆಮೇಲೆ ಒಂದು ಪ್ಲೀಸ್ ಸೇರಿತು. ನಾವು ಎತ್ತು, ಎತ್ತಿಕೊಡು, ಎತ್ತಿಕೊಡಿ, ಎತ್ತಿಕೊಡ್ತೀರಾ ಎಂದು ಕ್ರಿಯಾಪದದ ಬಾಲದಲ್ಲೇ ಮರ್ಯಾದೆ ಇಡುತ್ತೇವೆ. ಇಂಗ್ಲಿಷಿನಲ್ಲಿ ಮೊಮ್ಮಗನಿಗೂ ಕಲೆಕ್ಟರಿಗೂ ಒಂದೇ ಯು. ಆ ಮರ್ಯಾದೆಯ ಭಾರವನ್ನೆಲ್ಲ ಕ್ಯಾನ್, ಕುಡ್, ವುಡ್ ಹೊರಬೇಕು. ಇಷ್ಟು ಹೇಳಿ, ಬುಟ್ಟಿ ಎತ್ತಿಕೊಡಲು ಮಗನನ್ನು ಹೇಗೆ ಕೇಳ್ತೀ, ಕಾಲೇಜು ಹುಡುಗನನ್ನು ಹೇಗೆ, ಬಸ್ ಕಾಯುತ್ತ ನಿಂತ ಮಾಸ್ತರರನ್ನು ಹೇಗೆ ಎಂದು ಕೇಳಿದೆ. ಮಾಸ್ತರರಿಗೆ ‘ಕುಡ್ ಯು ಲಿಫ್ಟ್ ದಿಸ್, ಸರ್?’ ಸಲೀಸಾಗಿ ಬಂತು. ಮಗನ ಸರದಿಗೆ ಅವಳು ನಕ್ಕಳು. “ಮಗನಿಗೆ ಯಾಕೆ ಅಕ್ಕೋರೆ ಕುಡ್? ಕ್ಯಾನ್ ಯು ಅಂದ್ರೇ ಹೆಚ್ಚಾಯ್ತು.”

ನಾನಾಗಿಯೇ ಮುಂದೆ ಬರುವ ಮಾತು ಇನ್ನೂ ಸುಲಭವಾಯಿತು. ‘ಶಲ್ ಐ ಲಿಫ್ಟ್ ಇಟ್?’ ನಮ್ಮ ‘ಎತ್ತಲಾ?’ ಇದ್ದಂತೆಯೇ ಇದೆ. ಕೇಳಿ, ಉತ್ತರಕ್ಕೆ ಕಾಯುವವನ ಮಾತು ಅದು. ಕೇಳದೆ ಬಗ್ಗಿಯೇಬಿಟ್ಟವನು ‘ಐ’ಲ್ ಲಿಫ್ಟ್ ಇಟ್’ ಅನ್ನುತ್ತಾನೆ. ಈ ವ್ಯತ್ಯಾಸವನ್ನು ಹುಡುಗರು ಮೈಯಿಂದಲೇ ತೋರಿಸಿದರು: ಶಲ್ ಅಂದವನು ಕೈಕಟ್ಟಿ ನಿಂತ, ವಿಲ್ ಅಂದವನು ಮಾತು ಮುಗಿಯುವುದರೊಳಗೆ ಬುಟ್ಟಿಗೆ ಕೈ ಹಾಕಿದ.

ಜುಲೈ

ಕಡಲು ಕೆಟ್ಟಿದೆ. ಟಾಗೋರ್ ಕಡಲತೀರದ ಅಲೆಗಳು ಈಗ ದಂಡೆಯನ್ನೇ ಕಿತ್ತು ತಿನ್ನುವಂತೆ ಬರುತ್ತವೆ. ಹಾಗಾಗಿ ಪಾಠಕ್ಕೆ ಎತ್ತಿಕೊಂಡದ್ದು, ನೀರಿನಲ್ಲಿ ಸಿಕ್ಕಿಕೊಂಡವನನ್ನು ಕಂಡರೆ ಏನು ಮಾಡಬೇಕು ಎಂಬುದು.

ಬೋರ್ಡಿನ ಮೇಲೆ ಮೊದಲು ಬರೆದದ್ದು ‘ಯು ಮಸ್ಟ್ ನಾಟ್ ಜಂಪ್ ಇನ್’. ಹಗ್ಗ, ಟ್ಯೂಬು, ಖಾಲಿ ಕ್ಯಾನು, ತೇಲುವಂಥದ್ದು ಏನಾದರೂ ಎಸೆ, ಉದ್ದ ಕೋಲು ಚಾಚು, 112ಕ್ಕೆ ಫೋನ್ ಮಾಡು, ನೀನೇ ಹಾರಬೇಡ. ಮುಳುಗುವವನು ಉಳಿಸಲು ಬಂದವನನ್ನೂ ಒಳಗೆ ಎಳೆಯುತ್ತಾನೆ. ದೋಣಿ ಮನೆತನದ ಹುಡುಗನೊಬ್ಬ ಕೆರಳಿದ. “ನಂಗೆ ಈಜು ಬರ್ತದೆ ಅಕ್ಕೋರೆ. ನಾನ್ಯಾಕೆ ಹಾರಬಾರದು?” ವಾದ ಬಿಸಿಯೇರಿತು, ನಾನು ಬಿಡಲಿಲ್ಲ: ವಾದ ಮಾಡು, ಆದರೆ ಮೋಡಲ್ ಹಾಕಿ ಮಾಡು. ಅವನು ತಡವರಿಸುತ್ತ ‘ಐ ಕ್ಯಾನ್ ಸ್ವಿಮ್, ಸೋ ಐ ಶುಡ್ ಗೋ’ ಅಂದ. ಪಕ್ಕದವಳು ಥಟ್ಟನೆ ‘ಯು ಕ್ಯಾನ್ ಸ್ವಿಮ್, ಬಟ್ ಯು ಶುಡ್ ನಾಟ್ ಗೋ ಅಲೋನ್’ ಎಂದು ಕತ್ತರಿಸಿದಳು. ಶುಡ್ ಎಂದರೆ ಬುದ್ಧಿಮಾತು, ಮಸ್ಟ್ ಎಂದರೆ ಕಟ್ಟಪ್ಪಣೆ ಅಂತ ಆಮೇಲೆ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

ತೊಡಕಾಗಿದ್ದು ಮಸ್ಟ್ ನಾಟ್ ಮತ್ತು ಡೋಂಟ್ ಹ್ಯಾವ್ ಟು. ಒಂದು ಕೂಡದು, ಇನ್ನೊಂದು ಬೇಕಾಗಿಲ್ಲ. ಎರಡಕ್ಕೂ ‘ಬೇಡ’ ಅಂದುಬಿಡುವ ನಮ್ಮ ರೂಢಿ ಇಲ್ಲಿ ಅಡ್ಡ ಬಂತು. ಇದಕ್ಕೆ ನನಗೆ ನೆನಪಾದದ್ದು ರಸ್ತೆ ಅಪಘಾತದ ಕಾನೂನು.

ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರೊಳಗೇ ಹಾದುಹೋಗುತ್ತದೆ. ಬಿದ್ದವರನ್ನು ಎತ್ತಲು ಜನ ಹಿಂಜರಿಯುವುದು ಕಲ್ಲೆದೆಯಿಂದಲ್ಲ, ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಹೆದರಿಕೆಯಿಂದ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 134ಎ ಎಂಬ ಹೊಸ ಕಲಂ ಸೇರಿಸಿ, ಹೀಗೆ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿತು. 2020ರಲ್ಲಿ ಅದರ ನಿಯಮಗಳೂ ಬಂದವು. ಆ ನಿಯಮದ ಇಂಗ್ಲಿಷನ್ನು ಸರಳ ಮಾಡಿ ಬರೆದೆ. ನೆರವಾದವನ ಹೆಸರು, ವಿಳಾಸ ಹೇಳುವಂತೆ ಪೊಲೀಸರು ಬಲವಂತ ಮಾಡಕೂಡದು: ಅದು ಶಲ್ ನಾಟ್, ಕಾಯ್ದೆಯ ಬಾಯಲ್ಲಿ ಮಸ್ಟ್ ನಾಟ್ ಇದ್ದಂತೆ. ತಾನಾಗಿ ಹೇಳುವ ಮನಸ್ಸಿದ್ದರೆ ಹೇಳಬಹುದು: ಮೇ. ಹೇಳಲೇಬೇಕಾಗಿಲ್ಲ: ನೀಡ್ ನಾಟ್, ಅಂದರೆ ನಮ್ಮ ಡೋಂಟ್ ಹ್ಯಾವ್ ಟು. ಮೂರೂ ಒಂದೇ ಘಟನೆಯೊಳಗೆ ಬಂದಾಗ ಗೊಂದಲ ಹರಿಯಿತು. ‘ಎತ್ತಲಾ’ ಎನ್ನುತ್ತಿದ್ದ ಅದೇ ಶಲ್ ಕಾಯ್ದೆ ಪುಸ್ತಕಕ್ಕೆ ಹೋದ ಕೂಡಲೇ ಖಾಕಿ ತೊಡುತ್ತದೆ ಅಂತ ಹತ್ತನೇ ಕ್ಲಾಸಿನವನೊಬ್ಬ ಹೇಳಿದ್ದು ನನಗೆ ಬಹಳ ಹಿಡಿಸಿತು. ಪಾಠ ಬಿಟ್ಟು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಇದು ನಿಜ್ವಾಗ್ಲೂ ಇದೆಯಾ ಅಕ್ಕೋರೆ?” ಮನೆಯಲ್ಲೂ ಹೇಳಿ ಎಂದು ಕಳಿಸಿದೆ.

ಆಗಸ್ಟ್

2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7 ಹಿಡಿದ ಹೊತ್ತಿಗೆ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವಿನ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ನದಿಯ ಈಚೆ ದಡದ ನಮಗೆ ಇದು ಪೇಪರಿನಲ್ಲಿ ಓದಿದ ಸುದ್ದಿಯಲ್ಲ. ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ ಎಂದೆ.

ಹೆಚ್ಚುಕಡಿಮೆ ಎಲ್ಲರೂ ಬರೆದದ್ದು ‘ದ ಫಿಶರ್‌ಮೆನ್ ಕುಡ್ ಸೇವ್ ದ ಡ್ರೈವರ್’. ಕ್ಯಾನ್‌ನ ಹಿಂದಿನ ಕಾಲ ಕುಡ್ ಎಂದು ಪಟ್ಟಿಯಲ್ಲಿದೆಯಲ್ಲ! ಆದರೆ ಒಂದು ಸಲ ನಡೆದು, ಕೈಗೂಡಿದ ಕೆಲಸಕ್ಕೆ ಇಂಗ್ಲಿಷಿನವರು ಕುಡ್ ಹಾಕುವುದಿಲ್ಲ. ‘ವರ್ ಏಬಲ್ ಟು ಸೇವ್’ ಅನ್ನುತ್ತಾರೆ, ಇಲ್ಲವೆ ‘ಮ್ಯಾನೇಜ್ಡ್ ಟು ಸೇವ್’. ನಮ್ಮಜ್ಜನಿಗೆ ಚಿಕ್ಕಂದಿನಲ್ಲಿ ನದಿ ಈಜಿ ದಾಟಲು ಬರುತ್ತಿತ್ತು ಎನ್ನುವಂಥ, ಇದ್ದ ಕಸುವಿನ ಮಾತಿಗೆ ಕುಡ್ ಸರಿ. ಆಗಲಿಲ್ಲ ಎನ್ನುವಲ್ಲಿ ಮಾತ್ರ ಒಂದೇ ಸಲದ್ದಿದ್ದರೂ ‘ಕುಡ್ ನಾಟ್’ ನಡೆಯುತ್ತದೆ: ಲಾರಿಯನ್ನು ಆ ರಾತ್ರಿ ಎತ್ತಲಾಗಲಿಲ್ಲ.

ಇನ್ನೊಬ್ಬಳು ಜಾಣತನ ತೋರಿಸಲು ಹೋಗಿ ‘ಕುಡ್ ಹ್ಯಾವ್ ಸೇವ್ಡ್’ ಬರೆದಿದ್ದಳು. ಬೋರ್ಡಿಗೆ ಹಾಕಿ, ಚಾಲಕ ಉಳಿದನಾ ಎಂದು ಕೇಳಿದೆ. “ಉಳಿದ” ಅಂದರು. ಈ ವಾಕ್ಯದಲ್ಲಿ ಉಳಿಯಲಿಲ್ಲ ಅಂದೆ. ಉಳಿಸಬಹುದಿತ್ತು, ಉಳಿಸಲಿಲ್ಲ, ಮೀನುಗಾರರ ಮೇಲೆ ಒಂದು ಆರೋಪವೂ ಹೊರಿಸಿದಂತಾಯಿತು. ಕ್ಲಾಸು ಒಂದು ಗಳಿಗೆ ಗಪ್‌ಚಿಪ್. ಆಮೇಲೆ ಬರೆದವಳೇ ತಿದ್ದಿದಳು: ‘ದ ಡ್ರೈವರ್ ಕುಡ್ ಹ್ಯಾವ್ ಡೈಡ್’. ಸಾಯಬಹುದಿತ್ತು, ಸಾಯಲಿಲ್ಲ. ನನ್ನ ಮಟ್ಟಿಗೆ ಈ ಮಳೆಗಾಲದ ಒಳ್ಳೆಯ ಪಾಠ ಇದೇ. ಕುಡ್ ಹ್ಯಾವ್, ಶುಡ್ ಹ್ಯಾವ್‌ಗಳನ್ನು ಇನ್ನು ಬರಿಯ ಪಟ್ಟಿಯಿಂದ ಕಲಿಸುವ ಗೋಜಿಗೆ ಹೋಗುವುದಿಲ್ಲ.

ಸೆಪ್ಟೆಂಬರ್

ಬಂದರು ಶುರುವಾಗಿ ಹುಡುಗರ ಹಾಜರಿ ಇಳಿದಿದೆ, ಚೌತಿಯ ಗದ್ದಲ ಬೇರೆ. ಬಂದಷ್ಟು ಜನರಿಗೆ ಪರೀಕ್ಷೆ ಇಟ್ಟೆ. ಬಿಟ್ಟ ಸ್ಥಳ ತುಂಬುವುದೇ, ಆದರೆ ಪ್ರತಿ ವಾಕ್ಯದ ಮೇಲೂ ಯಾರು ಯಾರಿಗೆ ಹೇಳಿದ್ದು ಎಂದು ಬರೆದಿದ್ದೆ. ಅಪರಿಚಿತ ಹಿರಿಯರ ಬಳಿ ನೆರವು ಕೇಳುವ ವಾಕ್ಯಕ್ಕೆ ಕುಡ್, ವುಡ್ ಎರಡಕ್ಕೂ ಪೂರ್ತಿ ಅಂಕ, ಕ್ಯಾನ್ ಬರೆದವರಿಗೆ ಅರ್ಧ. ಈಜು ಬಲ್ಲ ಆ ಹುಡುಗ ಒಪ್ಪುತ್ತಿಲ್ಲ. ಕ್ಯಾನ್ ತಪ್ಪಲ್ಲ ಅಂತ ನೀವೇ ಹೇಳಿದ್ದೀರಿ, ಹಾಗಿದ್ದರೆ ಅರ್ಧ ಅಂಕ ಯಾಕೆ ಕಡಿದಿರಿ ಅನ್ನುತ್ತಾನೆ. ಮಾತು ಸುಳ್ಳಲ್ಲ. ಮರ್ಯಾದೆ ಕಡಿಮೆಯಾದದ್ದಕ್ಕೆ ಅಂಕ ಕತ್ತರಿಸಬಹುದೇ ಎಂಬುದರ ಪಂಚಾಯಿತಿ ಬರುವ ಭಾನುವಾರ. ಎರಡೂ ಕಡೆಯವರು ಮಾತಾಡಬೇಕು, ಇಂಗ್ಲಿಷಿನಲ್ಲೇ.