ಬರೆದಾಯ್ತು ಅಂದ ಕಾರ್ಡು

1993ರ ಮಳೆಗಾಲ. ಶಿರಸಿಯಲ್ಲಿ ಅಡಿಕೆ ಮಾರಾಟದ ಸೊಸೈಟಿಯೊಂದರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಇದ್ದದ್ದು ಒಂದೇ 486 ಪಿಸಿ, ಎಂಟು ಎಂಬಿ ಮೆಮೊರಿ, ಅದರ ಮೇಲೆ ಹಲವರು ಒಟ್ಟಿಗೆ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಎಸ್‌ಸಿಒ ಯುನಿಕ್ಸ್. ಸೀರಿಯಲ್ ಕಾರ್ಡಿನಿಂದ ಹೊರಟ ವೈರುಗಳು ಗೋಡೆಗುಂಟ ಹೋಗಿ, ಪರದೆ-ಕೀಲಿಮಣೆ ಮಾತ್ರ ಇರುವ ಆರು ಟರ್ಮಿನಲ್‌ ಮುಟ್ಟುತ್ತಿದ್ದವು.

ಟೆಂಡರ್ ದಿನ ಮಧ್ಯಾಹ್ನದ ಮೇಲೆ ಉಸಿರಾಡಲೂ ಪುರುಸೊತ್ತಿರುತ್ತಿರಲಿಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬೇರೆಬೇರೆ ಲಾಟು ಹಾಕಿದ ಅಡಿಕೆಯನ್ನು ವ್ಯಾಪಾರಸ್ಥರು ಕೈಯಲ್ಲಿ ಹಿಡಿದು, ಒಡೆದು ನೋಡಿ, ಚೀಟಿಯಲ್ಲಿ ದರ ಬರೆದುಹೋಗುತ್ತಿದ್ದರು. ಆ ದರಗಳನ್ನೆಲ್ಲ ಕಂಪ್ಯೂಟರಿಗೆ ಹೊಡೆದು, ಯಾವ ಲಾಟು ಯಾರಿಗೆ ಎಂದು ತೆಗೆದು, ಬೆಳೆಗಾರರಿಗೆ ಪಟ್ಟಿ ಕೊಡಬೇಕು. ಯಲ್ಲಾಪುರದ ಕಡೆಯವರು, ಸಿದ್ದಾಪುರದ ಕಡೆಯವರು ಒದ್ದೆ ಕೊಡೆ ಮಡಚಿಕೊಂಡು ಕೌಂಟರಿನ ಮುಂದೆ ನಿಂತೇ ಇರುತ್ತಿದ್ದರು. “ತಮಾ, ಪಟ್ಟಿ ಆತನ? ಬಸ್ಸು ತಪ್ಪೋಗ್ತು.” ಅದೇ ಹೊತ್ತಿಗೆ ಒಂದು ಟರ್ಮಿನಲ್‌ನಲ್ಲಿ ಯಾರಾದರೂ ದೊಡ್ಡ ಖಾತೆಯ ವರದಿ ತೆಗೆದರೆ ಮುಗಿಯಿತು. ಉಳಿದ ಐದೂ ಕಡೆ ಒತ್ತಿದ ಅಕ್ಷರ ಪರದೆಗೆ ಬರುತ್ತಿರಲಿಲ್ಲ.

ಕಾರಣ ಹುಡುಕಲು ಕೆಲವು ರಾತ್ರಿ ಕೂತೆ. ನಮ್ಮದು ಸಾದಾ ಐಡಿಇ ಡಿಸ್ಕು. ಡಿಸ್ಕಿನ ಒಂದು ತುಂಡು, ಅಂದರೆ ಸೆಕ್ಟರ್, 512 ಬೈಟು. ಅದನ್ನು ಎರಡೆರಡು ಬೈಟಿನಂತೆ 256 ಸಲ ಸಿಪಿಯುವೇ ಹೊತ್ತು ಮೆಮೊರಿಗೆ ತರಬೇಕಿತ್ತು. ಲೆಕ್ಕ ಬರೆಯುವ ದಿವಾಣರೇ ಕೌಂಟರ್ ಬಿಟ್ಟು ಗೋದಾಮಿನಿಂದ ಚೀಲ ಹೊತ್ತ ಹಾಗೆ. ಸಾದಾ ಪಿಸಿಗಳಲ್ಲಿರುತ್ತಿದ್ದ ಡಾಸ್‌ನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಇರುವವನು ಒಬ್ಬ, ಡಿಸ್ಕು ಓದುವ ತನಕ ಅವನಿಗೂ ಬೇರೆ ಕೆಲಸ ಇರುವುದಿಲ್ಲ. ಯುನಿಕ್ಸ್‌ನಲ್ಲಿ ಮಾತ್ರ ಒಬ್ಬನ ಚೀಲ ಹೊರುವಾಗ ಐದು ಜನ ಕಾಯುತ್ತಾರೆ. ಆ ಕಾಲದ ಪತ್ರಿಕೆಗಳಲ್ಲಿ ಬರುತ್ತಿದ್ದ ಡಿಸ್ಕಿನ ವೇಗದ ಪರೀಕ್ಷೆಗಳು ಹೆಚ್ಚಾಗಿ ಡಾಸ್‌ನಲ್ಲಿ ಮಾಡಿದವು. ನಮ್ಮಂಥವರಿಗೆ ಅವು ಉಪಯೋಗಕ್ಕೆ ಬಾರವು ಎಂದು ನನಗೆ ಅರ್ಥವಾದದ್ದು ಆಗಲೇ.

ಹುಬ್ಬಳ್ಳಿಯ ಮಾರಾಟಗಾರ ಎರಡು ದಾರಿ ಹೇಳಿದ. ಒಂದು, ಇದ್ದ ಡಿಸ್ಕನ್ನೇ ಇಟ್ಟುಕೊಂಡು ಕ್ಯಾಷಿಂಗ್ ಕಂಟ್ರೋಲರ್, ಅಂದರೆ ಡಿಸ್ಕಿಗೆ ಹೋಗಿಬರುವುದನ್ನು ತನ್ನದೇ ನಾಲ್ಕು ಎಂಬಿ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕಾರ್ಡು, ಹಾಕುವುದು. ಇನ್ನೊಂದು, ಅಡಾಪ್ಟೆಕ್ 1542ಬಿ ಎಂಬ ಸ್ಕಸಿ (ಡಿಸ್ಕು, ಟೇಪು ಜೋಡಿಸುವ ಬೇರೆ ಬಗೆಯ ವ್ಯವಸ್ಥೆ) ಕಾರ್ಡು. ಎರಡನೆಯದಕ್ಕೆ ಡಿಸ್ಕೂ ಹೊಸದಾಗಿ ಬೇಕು. ಖರ್ಚು ನೋಡಿ ಕಮಿಟಿಯವರು ಮೊದಲನೆಯದಕ್ಕೆ ಒಪ್ಪಿದರು. ನಾನೂ ಬೇಡ ಅನ್ನಲಿಲ್ಲ.

ಒಂದು ವಾರ ಅದು ಕುದುರೆಯ ಹಾಗೆ ಓಡಿತು. ಎಂಟನೇ ದಿನ ಟೆಂಡರ್ ನಡೆಯುತ್ತಿದ್ದಾಗ ಗುಡುಗು ಬಂತು, ಕರೆಂಟು ಹೋಯಿತು, ಯುಪಿಎಸ್ ಒಂದು ನಿಮಿಷವೂ ನಿಲ್ಲಲಿಲ್ಲ. ಮತ್ತೆ ಚಾಲೂ ಮಾಡಿದಾಗ ಡಿಸ್ಕಿನ ಫೈಲು ಪರೀಕ್ಷಿಸಿ ರಿಪೇರಿ ಮಾಡುವ ಪ್ರೋಗ್ರಾಂ ಎಫ್ಎಸ್‌ಸಿಕೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾ ಹೋಯಿತು. ಲಾಸ್ಟ್ ಪ್ಲಸ್ ಫೌಂಡ್ ಎಂಬ ಕೋಶದೊಳಗೆ ಹೆಸರಿಲ್ಲದ ಫೈಲುಗಳು ರಾಶಿ ಬಿದ್ದವು. ಹದಿನೇಳು ಲಾಟಿನ ದರ ಇರಲೇ ಇಲ್ಲ.

ಯುನಿಕ್ಸ್ ಕೂಡ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದು ಗೊತ್ತಿದ್ದದ್ದೇ. ಅದಕ್ಕಾಗಿಯೇ ನಮ್ಮ ಪ್ರೋಗ್ರಾಂ ಪ್ರತಿ ಲಾಟು ಮುಗಿದ ಕೂಡಲೇ ‘ಈಗಲೇ ಡಿಸ್ಕಿಗೆ ಬರೆ’ ಎಂದು ಎಫ್‌ಸಿಂಕ್ ಕರೆಯುತ್ತಿತ್ತು, ‘ಬರೆದಾಯ್ತು’ ಎಂಬ ಉತ್ತರ ಬಂದಮೇಲೇ ಮುಂದಿನ ಲಾಟಿಗೆ ಹೋಗುತ್ತಿತ್ತು. ಆ ಉತ್ತರ ಕೊಟ್ಟದ್ದು ಕಾರ್ಡು, ಡಿಸ್ಕಲ್ಲ. ದರಗಳು ಇನ್ನೂ ಕಾರ್ಡಿನ ಮೆಮೊರಿಯಲ್ಲೇ ಇದ್ದವು. ಇನ್ನೂ ಕೆಟ್ಟದ್ದೆಂದರೆ, ಡಿಸ್ಕಿನ ಹೆಡ್ಡು ಕಡಿಮೆ ಓಡಾಡಲಿ ಎಂದು ಅದು ಬರೆಯುವ ಸರದಿಯನ್ನೂ ತಾನೇ ಬದಲಿಸುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಯುನಿಕ್ಸ್ ಎಚ್ಚರಿಕೆಯಿಂದ ಕಳಿಸಿದ್ದು ತಲೆಕೆಳಗಾಗಿ ಡಿಸ್ಕಿಗೆ ಇಳಿದರೆ ಎಫ್ಎಸ್‌ಸಿಕೆ ತಾನೇ ಏನು ಮಾಡೀತು?

ನಮ್ಮ ಹಿರಿಯ ಗುಮಾಸ್ತರು ಚೀಟಿ ಕಟ್ಟು ಬಿಚ್ಚಿ ಒಂದೊಂದೇ ದರ ಓದಿ ಹೇಳಿದರು, ನಾನು ಹೊಡೆಯುತ್ತ ಹೋದೆ. ನಾನು ವಿಷಯ ವಿವರಿಸಿದಾಗ ಅವರು ಕನ್ನಡಕ ತೆಗೆದು, “ಕಿರ್ದಿಗೆ ಬರೀದೆ ಆತು ಹೇಳಲಾಗ ತಮಾ” ಎಂದರು. ಐವತ್ತು ವರ್ಷ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆದ ಮನುಷ್ಯ. ಕಂಟ್ರೋಲರ್ ಕಾರ್ಡಿನ ಬಗ್ಗೆ ಅಷ್ಟು ಸರಿಯಾದ ಮಾತನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಮರುದಿನವೇ ಕಮಿಟಿಯ ಮುಂದೆ ಹೋದೆ. ಈ ಸಲ ವೇಗದ ಮಾತೇ ಎತ್ತಲಿಲ್ಲ, ಹದಿನೇಳು ಲಾಟಿನ ಮಾತಾಡಿದೆ. ಒಪ್ಪಿಗೆ ಸಿಕ್ಕಿತು. ಹುಬ್ಬಳ್ಳಿಗೆ ಹೋಗಿ 1542ಬಿ, ಸ್ಕಸಿ ಡಿಸ್ಕು, 150 ಎಂಬಿಯ ಟೇಪ್ ಡ್ರೈವು ಮೂರನ್ನೂ ತಂದೆ. ಡಿಸ್ಕಿನೊಳಗೂ ಬರೆಯಬೇಕಾದ್ದನ್ನು ತಡೆದಿಟ್ಟುಕೊಳ್ಳುವ ರೈಟ್ ಕ್ಯಾಷ್ ಇರುತ್ತದೆ. ಅದನ್ನು ಅಂಗಡಿಯಲ್ಲೇ ಮುಚ್ಚಿಸಿದೆ. ಬಸ್ಸಿನಲ್ಲಿ ಡಿಸ್ಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆ ಕಾರ್ಡು ಇಷ್ಟವಾದದ್ದು ಅದರ ನಡವಳಿಕೆಗೆ. ಯುನಿಕ್ಸ್ ಮೆಮೊರಿಯ ಒಂದು ಕಡೆ ಆದೇಶ ಬರೆದಿಡುತ್ತದೆ. ಆ ಜಾಗಕ್ಕೆ ಅಂಚೆಪೆಟ್ಟಿಗೆ ಎಂದೇ ಹೆಸರು. ಕಾರ್ಡು ಅದನ್ನು ಎತ್ತಿಕೊಂಡು, ತಾನೇ ಬಸ್ (ಕಂಪ್ಯೂಟರಿನೊಳಗೆ ಡೇಟಾ ಓಡಾಡುವ ದಾರಿ) ಹಿಡಿದು, ಡೇಟಾವನ್ನು ನೇರ ಮೆಮೊರಿಗೆ ಸಾಗಿಸಿ, ಎಲ್ಲ ಮುಗಿದಮೇಲೆ ಸಿಪಿಯುವಿಗೆ ಒಮ್ಮೆ ತಿಳಿಸುತ್ತದೆ. ಅಷ್ಟು ಹೊತ್ತು ಸಿಪಿಯು ಬೇರೆ ಟರ್ಮಿನಲ್‌ನವರ ಕೆಲಸ ನೋಡಬಹುದು. ಟೇಪು ಹಿಂದಕ್ಕೆ ಸುತ್ತಿಕೊಳ್ಳುವಾಗ ಕೇಬಲ್ ಬಿಟ್ಟುಕೊಡುತ್ತದೆ, ಡಿಸ್ಕಿನ ಕೆಲಸ ನಿಲ್ಲುವುದಿಲ್ಲ. ಐಎಸ್ಎ ಎಂಬ ಬಗೆಯ ಬಸ್ಸಿನ ಕಾರ್ಡಾದ್ದರಿಂದ ಅದಕ್ಕೆ 16 ಎಂಬಿಯಾಚೆಗಿನ ಮೆಮೊರಿ ನೇರವಾಗಿ ಕಾಣುವುದಿಲ್ಲ ಎಂಬ ಮಿತಿಯಿತ್ತು. ಎಂಟು ಎಂಬಿಯವರಿಗೆ ಅದರ ಚಿಂತೆಯಿಲ್ಲ.

ಕೂರಿಸುವಾಗ ಎರಡು ದಿನ ಕಾಡಿತು. ಕಾರ್ಡು ಬಂದದ್ದು ಐಆರ್‌ಕ್ಯು 11ಕ್ಕೆ, ಅಂದರೆ ಸಿಪಿಯುವನ್ನು ಕರೆಯುವ ಹನ್ನೊಂದನೇ ಗೆರೆಗೆ, ಹೊಂದಿಸಿ. ನಮ್ಮ ಸೀರಿಯಲ್ ಕಾರ್ಡೂ ಹನ್ನೊಂದರಲ್ಲೇ ಕೂತಿತ್ತು. ಅದರ ಜಂಪರ್ (ನಂಬರು ಹೊಂದಿಸುವ ಪುಟ್ಟ ಕೊಂಡಿ) ಬದಲಿಸಿದೆ. ಆಮೇಲೂ ದೊಡ್ಡ ಫೈಲು ನಕಲು ಮಾಡುವಾಗ ತಪ್ಪು ಬರುತ್ತಲೇ ಇತ್ತು. ಸ್ಕಸಿ ಕೇಬಲ್ಲಿಗೆ ಎರಡು ತುದಿಯಲ್ಲಿ ಮಾತ್ರ ಟರ್ಮಿನೇಟರ್, ಅಂದರೆ ಸಂಕೇತ ಹಿಂದಕ್ಕೆ ಪುಟಿಯದಂತೆ ತಡೆಯುವ ರೆಸಿಸ್ಟರು, ಇರಬೇಕು. ಒಂದು ತುದಿ ಕಾರ್ಡು, ಇನ್ನೊಂದು ತುದಿ ಟೇಪು. ನಡುವೆ ಇದ್ದ ಡಿಸ್ಕಿನ ಹೊಟ್ಟೆಯಡಿಯಲ್ಲಿ ಸಣ್ಣ ರೆಸಿಸ್ಟರ್ ಪ್ಯಾಕುಗಳು ಹಾಗೇ ಉಳಿದಿದ್ದವು. ಕಿತ್ತು ಲಕೋಟೆಯಲ್ಲಿ ಹಾಕಿ, ಮೇಲೆ ‘ಡಿಸ್ಕಿನದು’ ಎಂದು ಬರೆದಿಟ್ಟೆ. ತಪ್ಪು ನಿಂತಿತು.

ಆಗಸ್ಟಿನಲ್ಲಿ ಮತ್ತೊಂದು ಟೆಂಡರ್ ದಿನ, ಸಂಜೆ ನಾಲ್ಕೂವರೆಯ ಸುಮಾರಿಗೆ ಕರೆಂಟು ಹೋಯಿತು. ಯುಪಿಎಸ್‌ಗೆ ಬ್ಯಾಟರಿ ಇನ್ನೂ ಬಂದಿರಲಿಲ್ಲ. ಗುಮಾಸ್ತರು ಏನೂ ಹೇಳದೆ ಚೀಟಿ ಕಟ್ಟು ತಂದು ಮೇಜಿನ ಮೇಲಿಟ್ಟರು. ಕರೆಂಟು ಬಂದಮೇಲೆ ಎಫ್ಎಸ್‌ಸಿಕೆ ನಡೆಯಿತು, ಬೇಗ ಮುಗಿಯಿತು. ಅವರು ಲಾಟಿನ ನಂಬರು ಓದುತ್ತ ಹೋದರು, ನಾನು ಪರದೆ ನೋಡುತ್ತ “ಇದೆ, ಇದೆ” ಎನ್ನುತ್ತ ಹೋದೆ. ಇಲ್ಲದ್ದು ಒಂದೇ ಲಾಟು, ನಾಲ್ಕನೇ ಟರ್ಮಿನಲ್‌ನ ಹುಡುಗಿ ಅರ್ಧ ಹೊಡೆದಿದ್ದ ಚಾಲಿಯದ್ದು. ಅವಳು ಅದನ್ನು ಮತ್ತೆ ಹೊಡೆದಳು. ಸಿದ್ದಾಪುರದವರು ಪಟ್ಟಿ ಮಡಚಿ ಜೇಬಿಗಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದರು.