ಅಂಬಿಗರ ಊರಿಂದ ಗಳಗನಾಥಕ್ಕೆ: ತುಂಗಭದ್ರೆಯಲ್ಲಿ ಮೊದಲ ದಿನ

ತುಂಗಭದ್ರೆಯಲ್ಲಿ ಒಬ್ಬನೇ ಕಯಾಕ್ (ಗಾಳಿ ತುಂಬಿ ಹುಟ್ಟು ಹಾಕುವ ಸಣ್ಣ ದೋಣಿ) ಹೊಡೆಯೋದು ಅಂದ್ಮೇಲೆ, ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಜಾಸ್ತಿ ಯೋಚಿಸಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ. 12ನೇ ಶತಮಾನದಲ್ಲಿ ದೋಣಿ ನಡೆಸಿ ಬದುಕಿದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನ ಊರು. ಅವನ ಐಕ್ಯಸ್ಥಳವೂ ಇಲ್ಲೇ, ಹೊಳೆ ದಂಡೆಯಲ್ಲಿದೆ. ಹುಟ್ಟು ಹಿಡಿಯೋರಿಗೆ ಇನ್ನೆಂಥ ಜಾಗ ಬೇಕು? ಇಲ್ಲಿಂದ ಹಮ್ಮಿಗಿ ಬ್ಯಾರೇಜ್ ದಾಟಿ, ಹೊಸಪೇಟೆ ಜಲಾಶಯದ ಹಿನ್ನೀರು ಸೇರೋದು ನನ್ನ ಲೆಕ್ಕ. ಮೊದಲ ದಿನಕ್ಕೆ ಗಳಗನಾಥ ಸಾಕು.

ದೀಪಾವಳಿ ಮುಗಿಸಿಕೊಂಡು ಹೊರಟೆ. ಮಳೆಗಾಲದಲ್ಲಿ ಈ ಹೊಳೆ ಕೆಂಪಗೆ ಉಕ್ಕುತ್ತದೆ. ಬೇಸಿಗೆಯಲ್ಲಿ ಮರಳು, ಬಂಡೆ ಬಿಟ್ಟು ಹೆಚ್ಚೇನೂ ಕಾಣಲ್ಲ. ನಡುವೆ ಸಿಗುವ ಕೆಲವೇ ವಾರ ಕಯಾಕ್‌ಗೆ ಸರಿ.

ಮುಕ್ತೇಶ್ವರ ಗುಡಿಯ ಹತ್ತಿರ ಕಯಾಕ್‌ಗೆ ಗಾಳಿ ತುಂಬುವಾಗ ಊರಿನ ಹುಡುಗರು ಸುತ್ತ ನಿಂತರು. ‘ಇದು ಪಂಕ್ಚರ್ ಆದ್ರ ಏನ್ ಮಾಡ್ತೀರಿ?’ ಎಂದ ಒಬ್ಬ. ಬೇರೆ ಬೇರೆ ಮೂರು ಗಾಳಿಚೀಲ ಇವೆ, ಒಂದು ಹೋದರೆ ಇನ್ನೆರಡು ತೇಲಿಸುತ್ತವೆ ಅಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಗುಡಿ ಬಗ್ಗೆ ಒಂದೇ ಮಾತು: ಕಲ್ಯಾಣ ಚಾಲುಕ್ಯ ಶೈಲಿಯ ಆ ಶಿಖರವನ್ನು ನೀರಿನ ಮೇಲಿಂದ ನೋಡಬೇಕು. ರಸ್ತೆಯಿಂದ ಬಂದು ನೋಡಿದವರಿಗೆ ಅರ್ಧ ಚಂದವೇ ಸಿಕ್ಕಿದ್ದು.

ಬೆಳಗ್ಗೆಯ ಹೊತ್ತೆಲ್ಲ ನೀರು ಓದೋದೇ ಕೆಲಸ. ಬಂಡೆಗಳ ನಡುವೆ ನೀರು ನುಗ್ಗುವ ಕಡೆ ಮೇಲ್ಮೈಯಲ್ಲಿ ಬಾಣದ ಮೊನೆಯಂಥ ಗುರುತು ಮೂಡುತ್ತದೆ. ಮೊನೆ ಹರಿವಿನ ಕಡೆಗೆ ತಿರುಗಿದ್ದರೆ ಅದು ದಾರಿ, ನೆಟ್ಟಗೆ ನುಗ್ಗಬಹುದು. ಮೊನೆ ನಮ್ಮ ಕಡೆಗಿದ್ದರೆ ಕೆಳಗೆ ಕಲ್ಲು ಅಡಗಿ ಕೂತಿದೆ ಅಂತ. ಪುಸ್ತಕದಲ್ಲಿ ಇದು ಬಲು ಸುಲಭ. ಆದರೆ ಬೆಳಗಿನ ಬಿಸಿಲು ಎದುರಿಗೇ ಹೊಳೆಯುವಾಗ ಎರಡೂ ಒಂದೇ ಥರ ಕಾಣುತ್ತವೆ. ಅಂಥಲ್ಲಿ ಕಿವಿ ಕೇಳಬೇಕು: ತೆಳುವಾಗಿ ಹರಿಯುವ ನೀರಿಗೆ ಸದ್ದು ಜಾಸ್ತಿ.

ಕಲ್ಲಿಗಿಂತ ನನಗೆ ಅಂಜಿಕೆ ಇದ್ದದ್ದು ಮರಳು ತೆಗೆದ ಗುಂಡಿಗಳದ್ದು. ಹಾವೇರಿ ಕಡೆಯ ಹೊಳೆದಂಡೆಯಲ್ಲಿ ಮರಳು ಅಂದ್ರೆ ದುಡ್ಡು, ಅದರ ಗಾಯ ಹೊಳೆ ತಳದಲ್ಲಿ. ಮೊಣಕಾಲುದ್ದದ ನೀರು, ಅದರ ಪಕ್ಕದಲ್ಲೇ ಹುಟ್ಟಿಗೆ ನೆಲ ಸಿಗಲ್ಲ. ಹಾಗಾಗಿ ಕಯಾಕ್ ತಳ ಮರಳಿಗೆ ತಾಗಿದಾಗಲೂ ಹುಟ್ಟು ಚುಚ್ಚಿ ನೋಡದೆ ಕೆಳಗೆ ಇಳಿಯಲಿಲ್ಲ.

ದಂಡೆಯಿಂದ ನೋಡೋರಿಗೆ ಹೊಳೆ ಅಂದ್ರೆ ಗುಡಿ, ಜಾತ್ರೆ. ನೀರಿನ ಮೇಲಿಂದ ಕಾಣೋದೇ ಬೇರೆ. ಎರಡೂ ದಂಡೆಗೆ ಪಂಪ್‌ಸೆಟ್ ಪೈಪುಗಳು, ಕುಡಿಯುವ ನೀರೆತ್ತುವ ಬಾವಿಗಳು (ಜಾಕ್‌ವೆಲ್), ಕಬ್ಬಿಗೆ, ಗೋವಿನಜೋಳಕ್ಕೆ ನೀರೆಳೆಯುವ ಮೋಟಾರ್‌ಗಳ ಗುಂಯ್‌ಗುಡುವ ಸದ್ದು. ಎಡಕ್ಕೆ ಹಾವೇರಿ ಜಿಲ್ಲೆ, ಬಲಕ್ಕೆ ವಿಜಯನಗರ ಜಿಲ್ಲೆ. ಮೋಟಾರ್ ಸದ್ದಿಗೆ ಗಡಿ ಇಲ್ಲ. ಇದು ದುಡಿಯುವ ಹೊಳೆ, ಸುಮ್ನೆ ಹರಿಯೋದಲ್ಲ.

ಮೀನು ಹಿಡಿಯುವವರ ಬಲೆಗೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳೇ ತೇಲುಗುರುತು. ಸಾಲಾಗಿ ಬಾಟಲಿ ಕಂಡರೆ ಹುಟ್ಟು ಎತ್ತಿ ಸುಮ್ಮನೆ ತೇಲುತ್ತಾ ದಾಟಬೇಕು. ಇಲ್ಲದಿದ್ದರೆ ಹುಟ್ಟಿಗೆ ಬಲೆ ಸಿಕ್ಕಿ, ಅವರ ಬೆಳಗಿನ ದುಡಿಮೆ ಹಾಳು. ತೆಪ್ಪದಲ್ಲಿ ಕೂತಿದ್ದ ಒಬ್ಬರು ನನ್ನ ಎರಡು ಕಡೆ ಎಲೆಯ ಹುಟ್ಟನ್ನು ಇಸಕೊಂಡು ನೋಡಿದರು. ಅವರದು ಒಂದೇ ಎಲೆ. ದುಂಡಗಿನ ತೆಪ್ಪ ಗಿರಕಿ ಹೊಡೆಯದಂತೆ ಅದೊಂದರಲ್ಲೇ ನೀರನ್ನು ಮುಂದಿನಿಂದ ಎಳೆದುಕೊಳ್ಳುತ್ತಾರೆ. ನಾನು ಪ್ರಯತ್ನಿಸಿದೆ. ತೆಪ್ಪ ಇದ್ದಲ್ಲೇ ಸುತ್ತಿತು, ಅವರು ಜೋರಾಗಿ ನಕ್ಕರು. ಮೊಸಳೆ ಇವೆಯಾ ಅಂತ ಕೇಳಿದೆ. ‘ಅದಾವ್ರಿ. ಬಿಸಲಿಗೆ ಬಂಡಿಗಲ್ಲ ಮ್ಯಾಲ ಮಲಗ್ತಾವು. ನೀವು ಅವುಗಳ ಬಂಡಿಗಲ್ಲಿಗೆ ಹೋಗಬ್ಯಾಡ್ರಿ, ಅವು ನಿಮ್ಮ ಹಡಗಿಗೆ ಬರಂಗಿಲ್ಲ.’ ಹಡಗು!

ಬಲದಂಡೆಗೆ ಮೈಲಾರ. ಭರತ ಹುಣ್ಣಿಮೆಯ ಹೊತ್ತಿಗೆ ಕಾರಣಿಕ, ಅಂದ್ರೆ ವರ್ಷದ ಭವಿಷ್ಯವಾಣಿ, ಕೇಳೋಕೆ ಜನಸಾಗರ ಸೇರುವ ಜಾಗ. ಈಗ ಆ ಗದ್ದಲ ಇಲ್ಲ, ಎಮ್ಮೆಗಳಷ್ಟೇ. ಮಧ್ಯಾಹ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಟರೆ ಎದುರುಗಾಳಿ ಎದ್ದಿತ್ತು. ಗಾಳಿ ತುಂಬಿದ ಕಯಾಕ್ ಹಗುರ, ಹುಟ್ಟು ನಿಲ್ಲಿಸಿದರೆ ಹಿಂದಕ್ಕೇ ಹೋಗುತ್ತದೆ. ಭುಜ ಸೋತಿತು. ಆ ಹೊತ್ತಿನ ಬಗ್ಗೆ ಬರೆಯೋಕೆ ಇನ್ನೇನೂ ಇಲ್ಲ.

ಗಳಗನಾಥದಲ್ಲಿ ವರದಾ ನದಿ ಬಂದು ತುಂಗಭದ್ರೆ ಸೇರುತ್ತದೆ. ಸಂಗಮದ ಗಳಗೇಶ್ವರ ಗುಡಿಯ ಬುಡಕ್ಕೆ ಪಿರಮಿಡ್ಡಿನಂತೆ ಇಳಿಜಾರಾದ ಕಲ್ಲಿನ ಕಟ್ಟು ಇದೆ. ಇಂಥದ್ದು ಬೇರೆಲ್ಲೂ ನಾನು ನೋಡಿಲ್ಲ. ಕಯಾಕ್ ದಂಡೆಗೆ ಎಳೆದು ಗಾಳಿ ಬಿಡುವಾಗ ಹೊಲದಿಂದ ಬಂದ ಹಿರಿಯರೊಬ್ಬರು ನಾಳೆಯ ದಾರಿ ಹೇಳಿಕೊಟ್ಟರು. ‘ಹಮ್ಮಿಗಿ ಗೇಟ್ ಕಾಣೋ ಮೊದ್ಲ ಎಡಕ್ಕ ದಂಡಿ ಹಿಡೀರಿ. ಹೊತ್ಕೊಂಡು ದಾಟಾಕ ಅಲ್ಲಿ ಯಾರನ್ನರ ಕರೀರಿ, ಒಬ್ರ ಕೈಲೆ ಆಗಂಗಿಲ್ಲ. ಚಾ ಕುಡೀತೀರೇನು?’ ಚಹಾ ಬೇಕೇ ಬೇಕಿತ್ತು.