11 ಸುತ್ತು ಯಾರೂ ತಪ್ಪಿ ಎಣಿಸುವುದಿಲ್ಲ

ಆ ಹುಡುಗಿ ಒಂದೇ ಕಾಯಿಲನ್ನು ಎರಡು ಸಲ ಬಿಚ್ಚಿ ಮೂರು ಸಲ ಸುತ್ತಿದಳು. ಎರಡು ಸಲವೂ ಬಿಚ್ಚು ಅಂದವನು ನಾನು. ಎರಡು ವರ್ಷ ಆಯಿತು, ನೆನಪಾದರೆ ಇವತ್ತಿಗೂ ಬೇಜಾರಾಗುತ್ತದೆ.

ಸೆಕೆಂಡ್ ಪಿಯು ಪ್ರಾಜೆಕ್ಟ್. ತಾವೇ ಟ್ರಾನ್ಸ್‌ಫಾರ್ಮರ್ ಸುತ್ತಿ, ಸುತ್ತು ಎಷ್ಟಿದ್ದರೆ ವೋಲ್ಟೇಜ್ ಎಷ್ಟು ಬರುತ್ತದೆ ಅಂತ ನೋಡಬೇಕು. ಲ್ಯಾಬಿನ ಯು ಕೋರ್ (ಯು ಆಕಾರದ ಕಬ್ಬಿಣ), ಮೇಲೆ ಮುಚ್ಚಲು ನೇರವಾದ ಐ ಪೀಸ್, 26 ಗೇಜಿನ ಎನಾಮಲ್ ಲೇಪದ ತಂತಿ. ಕರೆಂಟ್ ಕೊಡುವ ಕಾಯಿಲ್, ಅಂದರೆ ಪ್ರೈಮರಿ, 120 ಸುತ್ತು; ವೋಲ್ಟೇಜ್ ಅಳೆಯುವ ಕಾಯಿಲ್, ಅಂದರೆ ಸೆಕೆಂಡರಿ, 60. ಎಲಿಮಿನೇಟರಿನಿಂದ (ಕಡಿಮೆ ವೋಲ್ಟೇಜ್ ಕೊಡುವ ಲ್ಯಾಬಿನ ಡಬ್ಬಿ) 12 ವೋಲ್ಟ್ ಎಸಿ ಕೊಟ್ಟರೆ ಆಚೆ ಕಡೆ 6ರ ಹತ್ತಿರ ಬರಬೇಕು. ಅವಳಿಗೆ ಬಂದದ್ದು 4.9.

"ಎಣಿಸುವಾಗ ಮಾತಾಡ್ತಿದ್ದೆ ಅನ್ಸುತ್ತೆ, ಬಿಚ್ಚಿ ಇನ್ನೊಂದ್ಸಲ ಸುತ್ತಮ್ಮ" ಅಂದೆ. ಮತ್ತೆ 4.9. ಮತ್ತೆ ಬಿಚ್ಚು ಅಂದೆ. ಮೂರನೇ ಸಲ ಅವಳು 10 ಸುತ್ತಿಗೊಂದರಂತೆ ಪೇಪರಿನಲ್ಲಿ ಗೀಟು ಎಳೆದುಕೊಂಡಿದ್ದಳು. ಆರು ಗೀಟು ತೋರಿಸಿ "ಸರ್, 60 ಸರಿಯಾಗಿದೆ" ಅಂದಳು. ಹೊರಗಿನ ಪರೀಕ್ಷಕರು, ಎಕ್ಸ್‌ಟರ್ನಲ್, ಬರಲು ನಾಲ್ಕು ದಿನ ಇತ್ತು, ಇನ್ನೂ 18 ರೆಕಾರ್ಡಿಗೆ ಸೈನ್ ಹಾಕುವುದು ಬಾಕಿ. ನಾನು ಹೇಳಬಾರದ ಮಾತು ಹೇಳಿದೆ: "ಸರಿ, 5.8 ಅಂತ ಬರ್ಕೊ, ಮುಂದಕ್ಕೆ ಹೋಗು." ಅವಳು ತಲೆಯಾಡಿಸಿದಳು. ಆದರೆ ಬರೆಯಲಿಲ್ಲ.

ಮರುದಿನ ಎರಡನೇ ಬ್ಯಾಚ್ ಲ್ಯಾಬಿನಲ್ಲಿತ್ತು. ಅವಳು ಮೂಲೆಯ ಟೇಬಲಿನಲ್ಲಿ ತನ್ನ ಟ್ರಾನ್ಸ್‌ಫಾರ್ಮರ್ ಆನ್ ಮಾಡಿಕೊಂಡು ಇಪ್ಪತ್ತು ನಿಮಿಷದಿಂದ ಕೂತಿದ್ದಳು. ನಾನು ಇನ್ನೊಬ್ಬನ ಮೀಟರ್ ಬ್ರಿಡ್ಜಿನ ಜಾಕಿ ಸರಿ ಮಾಡುತ್ತಿದ್ದೆ. ಟೇಪಿನ ಅಂಟು ಕಾದಂಥ ವಾಸನೆ ಬಂತು. ತಿರುಗಿ ನೋಡುವಷ್ಟರಲ್ಲಿ ಅವಳ ಕೈ ಕಾಯಿಲಿನ ಮೇಲಿತ್ತು, ಚುರ್ ಅಂದ ಹಾಗೆ ಬೆರಳು ಹಿಂದಕ್ಕೆ ಎಳೆದುಕೊಂಡಳು. "ಆಫ್ ಮಾಡು" ಅಂತ ಕೂಗಿದೆ, ಅದಕ್ಕೂ ಕಾಯದೆ ಓಡಿ ಹೋಗಿ ಗೋಡೆಯ ಎಂಸಿಬಿಯನ್ನೇ ಇಳಿಸಿದೆ. ಇಡೀ ಬ್ಯಾಚಿನ ಎಲಿಮಿನೇಟರ್‌ಗಳೆಲ್ಲ ಆಫ್. ಯಾರೂ ಮಾತಾಡಲಿಲ್ಲ. ಶಾರ್ಟ್ ಆಗಿದೆ, ಎನಾಮಲ್ ಕೆರೆದುಹೋಗಿದೆ, ಇವಳು ಸುತ್ತಿದ್ದೇ ಸರಿಯಿಲ್ಲ, ಇಷ್ಟೇ ನನ್ನ ತಲೆಯಲ್ಲಿ ಓಡುತ್ತಿತ್ತು. ಆಗಲೂ ತಪ್ಪು ಅವಳದೇ ಅಂದುಕೊಂಡಿದ್ದೆ.

ಬೆರಳಿಗೆ ಏನೂ ಆಗಿರಲಿಲ್ಲ, ಸ್ವಲ್ಪ ಕೆಂಪಾಗಿತ್ತು ಅಷ್ಟೇ. ನಮ್ಮ ಅಟೆಂಡರ್ ಬಂದು ಐ ಪೀಸ್ ಎತ್ತಿದರು. ತಿರುಗಿಸಿ ನೋಡಿ, "ಸರ್, ಸ್ಟಾಕ್ ಸ್ಟಿಕ್ಕರ್ ಇಲ್ಲಿದೆಯಲ್ಲ" ಅಂದರು.

ಅದನ್ನು ಹಚ್ಚಿದವನು ನಾನೇ. ಹಿಂದಿನ ಮಾರ್ಚಿನಲ್ಲಿ ಸ್ಟಾಕ್ ವೆರಿಫಿಕೇಷನ್. ಪ್ರತಿ ಸಾಮಾನಿನ ಮೇಲೂ ನಂಬರ್ ಇರಲೇಬೇಕು, ಇಲ್ಲದಿದ್ದರೆ ಅದು ಇಲ್ಲದ ಲೆಕ್ಕ ಅಂತ ಮ್ಯಾನೇಜ್‌ಮೆಂಟ್ ಸರ್ಕ್ಯುಲರ್ ಕಳಿಸಿತ್ತು. ಒಂದೇ ಸಂಜೆಯಲ್ಲಿ ಲ್ಯಾಬ್ ಪೂರ್ತಿ ಮುಗಿಸಬೇಕಿತ್ತು. ಐ ಪೀಸಿನ ಬದಿಗಳಿಗೆ ತುಕ್ಕು ಹಿಡಿದಿತ್ತು, ಸ್ಟಿಕ್ಕರ್ ನಿಲ್ಲುತ್ತಿರಲಿಲ್ಲ. ನುಣುಪಾಗಿ ಇದ್ದದ್ದು ಕೋರಿನ ಮೇಲೆ ಕೂರುವ ಮುಖ ಒಂದೇ. ಅಲ್ಲೇ ಹಚ್ಚಿ, ಉದುರದಿರಲಿ ಅಂತ ಮೇಲೆ ಎರಡು ಪದರ ಟೇಪು ಹಾಕಿದ್ದೆ.

ಎಲ್ಲ ಸೇರಿ 0.3 ಮಿಲಿಮೀಟರ್ ಇರಬಹುದು. ಇದರಿಂದ ಏನಾಗುತ್ತದೆ ಅನಿಸುತ್ತದೆ, ಅಲ್ವಾ? ಆದರೆ ಪ್ರೈಮರಿಯ ಕಾಂತಕ್ಷೇತ್ರ ಕೋರಿನ ಕಬ್ಬಿಣದ ಮೂಲಕ ಸೆಕೆಂಡರಿಯನ್ನು ತಲುಪಬೇಕು, ಅದಕ್ಕೆ ಗಾಳಿ, ಪೇಪರ್, ಟೇಪು ಎಲ್ಲ ಒಂದೇ. ಕಬ್ಬಿಣ ಗಾಳಿಗಿಂತ 2000 ಪಟ್ಟು ಸಲೀಸು ಅಂತ ಇಟ್ಟುಕೊಂಡರೂ, ಈ 0.3 ಮಿಲಿಮೀಟರ್ ಸಂದು ದಾಟುವುದು 60 ಸೆಂಟಿಮೀಟರ್ ಕಬ್ಬಿಣ ದಾಟಿದಷ್ಟು ಕಷ್ಟ. ನಮ್ಮ ಕೋರಿನ ಸುತ್ತಳತೆಯೇ 20 ಸೆಂಟಿಮೀಟರ್. ಹಾಗಾಗಿ ಒಂದಷ್ಟು ಕ್ಷೇತ್ರ ಸೆಕೆಂಡರಿಯನ್ನು ಮುಟ್ಟದೆ ಪಕ್ಕದಲ್ಲೇ ಸೋರಿಹೋಗುತ್ತದೆ. ಉಳಿದದ್ದನ್ನು ನಡೆಸಲು ಪ್ರೈಮರಿ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಫ್ಯಾರಡೆ 1831ರ ಆಗಸ್ಟಿನಲ್ಲಿ ಮೊದಲು ಸುತ್ತಿದ್ದು ಕಬ್ಬಿಣದ ಉಂಗುರದ ಮೇಲೆ, ಅದರಲ್ಲಿ ಸಂದೇ ಇಲ್ಲ. ನಮ್ಮ ಬೀದಿಯ ಟಿಸಿಯಲ್ಲಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರಿನಲ್ಲಿ, 11,000 ವೋಲ್ಟನ್ನು 433ಕ್ಕೆ ಇಳಿಸುವ ಕೋರಿನ ತಗಡುಗಳನ್ನು ಒಂದರ ಸಂದಿನ ಮೇಲೆ ಇನ್ನೊಂದು ಬರುವ ಹಾಗೆ ಜೋಡಿಸುವುದೂ ಇದಕ್ಕೇ. ಇದನ್ನೆಲ್ಲ ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ.

ನನ್ನನ್ನು ಕಾಡುವುದು ಸ್ಟಿಕ್ಕರ್ ಅಲ್ಲ, ಅದು ಮರೆತುಹೋಗುವಂಥದ್ದೇ. 120 ಸುತ್ತಿಗೆ 12 ವೋಲ್ಟ್ ಅಂದರೆ ಸುತ್ತಿಗೆ 0.1. ಒಂದು ವೋಲ್ಟಿಗಿಂತ ಜಾಸ್ತಿ ಕಡಿಮೆಯಾಗಬೇಕಾದರೆ ಅವಳು 11 ಸುತ್ತು ತಪ್ಪಿರಬೇಕು. 60ರಲ್ಲಿ 11 ತಪ್ಪುವವರು ಯಾರಿದ್ದಾರೆ, ಅದೂ ಮೂರು ಸಲ, ಮೂರು ಸಲವೂ ಅಷ್ಟೇ? ಅರ್ಧ ನಿಮಿಷದ ಲೆಕ್ಕ, ನಾನು ಮಾಡಲಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಪ್ರೈಮರಿಯಲ್ಲಿ ಅಮ್ಮೀಟರ್ ಇತ್ತು. ಸೆಕೆಂಡರಿಗೆ ಕರೆಂಟ್ ಎಳೆಯುವ ಲೋಡ್ ಏನೂ ಜೋಡಿಸಿಲ್ಲದಿದ್ದರೂ ಅದು 1.2 ಆಂಪಿಯರ್ ತೋರಿಸುತ್ತಿತ್ತು. ಅವಳು ಮೊದಲ ದಿನವೇ ಆ ರೀಡಿಂಗ್ ಬರೆದುಕೊಂಡಿದ್ದಳು. ನಾನು ಆ ಕಾಲಮ್ ಓದಲೇ ಇಲ್ಲ. 6 ಬರುತ್ತದಾ ಇಲ್ಲವಾ, ಅದೊಂದನ್ನೇ ನೋಡುತ್ತಿದ್ದೆ.

ಸ್ಟಿಕ್ಕರ್ ಕಿತ್ತು, ಸೀಮೆಎಣ್ಣೆ ಬಟ್ಟೆಯಲ್ಲಿ ಅಂಟು ಒರೆಸಿ, ಕ್ಲ್ಯಾಂಪ್ ಬಿಗಿ ಮಾಡಿ ಆನ್ ಮಾಡಿದೆವು. ಗುಂಯ್ ಅನ್ನುವ ಸದ್ದು ಕಡಿಮೆಯಾಯಿತು. ಅಮ್ಮೀಟರ್ 0.2ಕ್ಕೆ ಇಳಿಯಿತು. ವೋಲ್ಟ್‌ಮೀಟರ್ 5.7.

ಇಡೀ ಬ್ಯಾಚಿನ ಎದುರಿಗೇ ಅವಳಿಗೆ ಸಾರಿ ಕೇಳಿದೆ. "5.8 ಅಂತ ಬರೀಬೇಕಾ ಸರ್?" ಅಂತ ಕೇಳಿದಳು. ಬೇಡ, 4.9ನ್ನೂ ಬರಿ, 5.7ನ್ನೂ ಬರಿ, ನಡುವೆ ಏನಾಯಿತು ಅಂತಾನೂ ಬರಿ ಅಂದೆ. ಎರಡು ಪುಟ ಬರೆದಳು. ಎಕ್ಸ್‌ಟರ್ನಲ್ ಬೇರೆ ರೆಕಾರ್ಡುಗಳನ್ನು ಸುಮ್ನೆ ತಿರುವಿ ಹಾಕಿದರು, ಆ ಎರಡು ಪುಟಗಳನ್ನು ಮಾತ್ರ ಕೂತು ಓದಿದರು.

ನಂಬರ್‌ಗಳನ್ನು ಬದಿಗೆ ಪೇಂಟಿನಲ್ಲಿ ಬರೆಯಲು ಬಿಡಿ ಅಂತ ಆಫೀಸಿಗೆ ಎರಡು ಸಲ ಲೆಟರ್ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಈ ಮಾರ್ಚಿನಲ್ಲಿ ಮತ್ತೆ ಸ್ಟಿಕ್ಕರ್ ಬಂಡಲ್ ಬಂತು. ಕೋರುಗಳನ್ನು ನಾನೂ ಅಟೆಂಡರೂ ಕೂತು ಒಂದೊಂದಾಗಿ ತಿರುಗಿಸಿ ನೋಡಿ, ಪೇಂಟಿನಲ್ಲೇ ಬರೆದೆವು.